ರೆಕ್ಕೆಯ ಮೇಲಿನ ಮೂರು ಬಣ್ಣ

ಥಿನ್ನರ್ ವಾಸನೆ ಮೂಗಿಗೆ ಬಡಿದರೆ ಸಾಕು, ಕೊಳ್ಳೇಗಾಲದ ನಮ್ಮ ಮಗ್ಗದ ಮನೆಯ ಆ ಮಧ್ಯಾಹ್ನ ಈಗಲೂ ಕಣ್ಣೆದುರು ಬರುತ್ತದೆ.

ಮಾವ ತಂದುಕೊಟ್ಟ ಪ್ಲಾಸ್ಟಿಕ್ ತುಂಡುಗಳನ್ನು ರಜೆಯಿಡೀ ಅಂಟಿಸಿ ಪುಟ್ಟ ಯುದ್ಧವಿಮಾನವೊಂದನ್ನು ಕಟ್ಟಿದ್ದೆ. ರೆಕ್ಕೆಯ ಮೇಲೆ ಕೂರಬೇಕಿದ್ದ, ವಾಯುಪಡೆಯ ಗುರುತಾದ ಮೂರು ಬಣ್ಣದ ಚಕ್ರದ ಸ್ಟಿಕ್ಕರ್ ಹಾಳೆಯಿಂದ ಬಿಡಿಸಲೆಂದು ನೀರಿನಲ್ಲಿ ನೆನೆಸುವಾಗ ಹರಿದುಹೋಯಿತು. ಕುಂಚದಿಂದಲೇ ಬರೆಯಲು ಕೂತೆ. ಪಕ್ಕದಲ್ಲಿ ಅಪ್ಪನ ಮಗ್ಗ ಬಡಿದಾಗಲೆಲ್ಲ ನೆಲ ಅದುರಿ ಗೆರೆ ಸೊಟ್ಟಗಾಗುತ್ತಿತ್ತು. ಬಣ್ಣ ಅಳಿಸುವ ಥಿನ್ನರ್ ಹಚ್ಚಿ ಒರೆಸಿ ಒರೆಸಿ ರೆಕ್ಕೆಯ ಬೂದುಬಣ್ಣವೇ ಏಳತೊಡಗಿತು.

“ಮ್ಯಾಕ್ಕೆ ಆರ್ದೇ ಇರೋ ಇಮಾನಕ್ಯಾಕವ್ವ ಇಷ್ಟು ಕಷ್ಟ?” ಎಂದಳು ಅಜ್ಜಿ.

“ಅಪ್ಪಾ, ಒಂಚೂರು ನಿಲ್ಸಪ್ಪಾ” ಎಂದೆ.

ಮದುವೆಯವರ ಸೀರೆಯನ್ನು ಸಂಜೆಗೆ ಮುಗಿಸಬೇಕೆಂದು ಅಪ್ಪ ಊಟಕ್ಕೂ ಎದ್ದಿರಲಿಲ್ಲ. ನನ್ನ ಮುಖ ನೋಡಿ ಮಗ್ಗದಿಂದ ಕೈ ತೆಗೆದ. “ಬರ್ಕೊ ಕೂಸು. ನಾ ಕಾಯ್ತೀನಿ.”

ಉಸಿರು ಬಿಗಿಹಿಡಿದು ಕುಂಚ ತಿರುಗಿಸಿದೆ. ಹಸಿರು ಗುಂಡಗೆ ಬಂತು. ಬಿಳಿ ಅದರೊಳಗೆ ಕೂತಿತು. ಕೇಸರಿ ಸರಿಯಾಗಿ ನಡುವೆ ನಿಂತಿತು.

ಅಪ್ಪ ವಿಮಾನವನ್ನು ಅಂಗೈ ಮೇಲಿಟ್ಟುಕೊಂಡು ನೇರ ಬೀದಿಗೇ ನಡೆದ. “ನಮ್ ಕೂಸು ಮಾಡಿರೋ ಇಮಾನ ನೋಡ್ಬನ್ರೀ!”

ಜನ ಮುತ್ತಿಕೊಂಡರು. ಯಾರೋ ಕೈ ಚಾಚಿದರು.

“ಮುಟ್ಬ್ಯಾಡ್ರೋ, ಬಣ್ಣ ಇನ್ನೂ ಅಸಿ ಅದೆ!” ಎಂದು ಗದರಿಸುತ್ತಲೇ ಅಪ್ಪ ಮುಂದಿನ ಮನೆಯ ಬಾಗಿಲಿಗೆ ನಡೆದ.