ವರ್ಷದ ಓದುಗಿ

ವಿಶ್ವವಿದ್ಯಾಲಯದ ವರ್ಷದ ಸಾಧನೆಗಳನ್ನು ಓದಿ ಮುಗಿಸಲು ಕುಲಪತಿಗಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೊಂದಿದ್ದವು, ಪಾಪ. ಕೊನೆಯದು ಗ್ರಂಥಾಲಯದ್ದು. ಒಳಗೆ ಕಾಲಿಟ್ಟವರೆಲ್ಲ ರುಜು ಹಾಕಲೇಬೇಕಾದ ರಿಜಿಸ್ಟರಿನಲ್ಲಿ ಇನ್ನೂರ ಹನ್ನೆರಡು ದಿನ ರುಜು ಹಾಕಿದ್ದ ಎಂ.ಎ. ಹುಡುಗಿಯನ್ನು ವೇದಿಕೆಗೆ ಕರೆದು, 'ವರ್ಷದ ಓದುಗಿ' ಎಂದು ಶಾಲು ಹೊದಿಸಿದರು. ಮುಂದಿನ ಸಾಲಿನಲ್ಲಿದ್ದ ಗ್ರಂಥಪಾಲಕರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

"ಇಷ್ಟು ದಿನದಲ್ಲಿ ಯಾವ ಪುಸ್ತಕ ತುಂಬಾ ಹಿಡಿಸಿತಮ್ಮಾ?" ಕುಲಪತಿಗಳು ಮೈಕು ಮುಂದೆ ಹಿಡಿದರು.

"ಒಂದೂ ಓದಿಲ್ಲ ಸಾರ್."

"ಮತ್ತೆ ದಿನಾ ಯಾಕೆ ಬರ್ತಿದ್ದೆ?"

ಹುಡುಗಿ ಗ್ರಂಥಪಾಲಕರ ಕಡೆ ನೋಡಿದಳು.

"ಪುಸ್ತಕದ ಬೀರುಗಳ ಬೀಗದ ಕೈ ಕಳೆದುಹೋಗಿದೆ, ನಾಳೆ ಬಾ ಅಂತ ಆ ಸಾರ್ ದಿನಾ ಹೇಳ್ತಿದ್ರು."