ಒಂದು ಚೀಟಿ ಕಡಿಮೆ

ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಆ ಚರ್ಚಿನಲ್ಲಿ ವಾಗ್ದಾನದ ಚೀಟಿ ಎತ್ತುವುದು ರೂಢಿ. ಸಭೆಯವರು ಒಬ್ಬೊಬ್ಬರಾಗಿ ಡಬ್ಬಿಗೆ ಕೈಹಾಕಿ, ಸತ್ಯವೇದದ ಒಂದು ವಾಕ್ಯ ಬರೆದ ಚೀಟಿ ಎತ್ತಿಕೊಳ್ಳುತ್ತಾರೆ. ವರ್ಷವಿಡೀ ಅವರಿಗೆ ಅದೇ ಆಸರೆ. ತಲೆಗೊಂದರಂತೆ ಬರೆಯುವುದು ಪಾದ್ರಿ ಅಯ್ಯನವರ ಕೆಲಸ. ಅಯ್ಯನವರಿಗೆಂದು ಚೀಟಿ ಇರುವುದಿಲ್ಲ.

ಈ ಸಲ ಅಯ್ಯನವರು ಒಂದನ್ನು ಕದ್ದಿದ್ದರು.

ತಿಂಗಳುಗಳಿಂದ ಅವರ ಪ್ರಾರ್ಥನೆ ತುಟಿಯಲ್ಲೇ ಉಳಿಯುತ್ತಿತ್ತು, ಎದೆಗೆ ಇಳಿಯುತ್ತಿರಲಿಲ್ಲ. ಊರಿಗೆಲ್ಲ ಧೈರ್ಯ ಹೇಳಿ, ಮನೆಗೆ ಬಂದು ಗೋಡೆ ನೋಡುತ್ತ ಕೂರುತ್ತಿದ್ದರು. ಬೆಳಿಗ್ಗೆ ಆರಾಧನೆಗೆ ಮುಂಚೆ ಚರ್ಚಿನಲ್ಲಿ ಡಬ್ಬಿ ತುಂಬುವಾಗ ‘ಹೆದರಬೇಡ’ ಎಂಬ ಚೀಟಿ ಕೈಗೆ ಬಂತು. ಬಿಡಲಾಗಲಿಲ್ಲ. ನಿಲುವಂಗಿಯ ಜೇಬಿಗೆ ಹಾಕಿಕೊಂಡರು.

ಈಗ ಸಾಲು ಕರಗುತ್ತಿತ್ತು. ಯಾರ ಪಾಲಿಗೆ ಖಾಲಿ ಡಬ್ಬಿ ಬರುತ್ತದೋ ಎಂದು ಅಯ್ಯನವರು ಉಳಿದ ತಲೆಗಳನ್ನು ಎಣಿಸುತ್ತಿದ್ದರು.

ಕೊನೆಯಲ್ಲಿ ಎಸ್ತೇರಮ್ಮ ನಿಂತಿದ್ದಳು. ದಿನಾ ಚರ್ಚು ಗುಡಿಸಿ ಹೂವಿಡುವ ಮುದುಕಿ. ಪ್ರತಿ ವರ್ಷ ಎಲ್ಲರನ್ನೂ ತಳ್ಳಿಕೊಂಡು ಬಂದು ಮೊದಲ ಚೀಟಿ ಎತ್ತುವವಳು. ಅವಳ ಬೆರಳುಗಳು ಡಬ್ಬಿಯೊಳಗೆ ತಡಕಾಡಿದವು.

“ಖಾಲಿ,” ಎಂದಳು.

“ಎಣಿಕೆ ತಪ್ಪಿರಬೇಕಮ್ಮ.” ಸುಳ್ಳು ಹೇಳಿದ್ದೇ ತಡ, ಅಯ್ಯನವರು ತಲೆ ತಗ್ಗಿಸಿದರು. “ಇಲ್ಲ, ತಪ್ಪು ನನ್ನದು. ನಿಮ್ಮ ಚೀಟಿ…” ಕೈ ಜೇಬಿಗೆ ಹೋಯಿತು.

ಮುದುಕಿ ಆ ಕೈಯನ್ನು ಅಲ್ಲೇ ಹಿಡಿದಳು.

“ಅದು ಅಲ್ಲೇ ಇರ್ಲಿ, ಅಯ್ಯನವ್ರೇ. ಬೆಳಿಗ್ಗೆ ಅದನ್ನ ಓದಿ ನೀವು ಅಳ್ತಾ ಇದ್ರಲ್ಲ, ನಾನು ಬೆಂಚಿನ ಹಿಂದೆ ಗುಡಿಸ್ತಾ ಇದ್ದೆ.” ದನಿ ತಗ್ಗಿಸಿದಳು. “ಅದಕ್ಕೇ ಇವತ್ತು ಕೊನೇಲಿ ನಿಂತೆ.”