ಗಾಳದ ಕೋಲಿಗೆ ಕೊಬ್ಬರಿ ಎಣ್ಣೆ

“ನನ್ನ ಕೊಬ್ಬರಿ ಎಣ್ಣೆ ಸವರಿದ್ರೆ ಹಿಮಾಲಯಕ್ಕೂ ಐಸ್ ಅಂಟಲ್ಲ. ಬೇಕಾದ್ರೆ ಅರ್ಧ ಸುಳ್ಳು ಅನ್ಕೋ!” ಎಂದು ಸಾಲೇಹಾ ಬೆಳಿಗ್ಗೆ ಮೊಮ್ಮಗಳು ಲುಬ್ನಾಳ ಗಾಳದ ಕೋಲಿನ ತುದಿಯಲ್ಲಿ ದಾರ ಹಾಯುವ ರಿಂಗಿಗೆ ಐಸ್ ಕಟ್ಟದಿರಲೆಂದು ಎಣ್ಣೆ ಬಳಿದಿದ್ದಳು. ಈಗ ಟ್ರಕೀ ನದಿಯ ಚಳಿಗೆ ಆ ಎಣ್ಣೆಯೇ ಬೆಳ್ಳಗೆ ಗಟ್ಟಿಯಾಗಿ ದಾರವನ್ನು ಕಚ್ಚಿ ಹಿಡಿದಿತ್ತು. ಅದೂ ಲುಬ್ನಾಳ ಮೊದಲ ಮೀನು ಗಾಳ ನುಂಗಿದ ಹೊತ್ತಿಗೆ.

“ದಾದೀ, ಲೈನು ಸ್ಟಕ್ ಆಗಿದೆ! ಮೀನು ಇನ್ನೊಂದ್ಸಲ ಎಳೆದ್ರೆ ಕಿತ್ತೋಗತ್ತೆ!”

“ಬೆಳಿಗ್ಗೆ ಮನೇಲಿ ನೀರಿನ ಹಾಗಿತ್ತಲ್ಲೇ ಇದು!” ಸಾಲೇಹಾ ಬೆರಗಿನಿಂದ ಬಗ್ಗಿ ನೋಡಿದಳು. ಹಲ್ಲುಸೆಟ್ಟು ಕಿತ್ತು ಮೊಮ್ಮಗಳ ಜೇಬಿಗೆ ತುರುಕಿ, ಕೋಲಿನ ತುದಿಯನ್ನೇ ಬಾಯೊಳಗಿಟ್ಟುಕೊಂಡಳು. ಎಣ್ಣೆ ಕರಗಿತು. ದಾರ ನಾಲಿಗೆಯ ಮೇಲೆ ಸರ್ರನೆ ಜಾರಿ, ನಿಂತಿತು.

“ಮೀನು ಇದ್ಯಾ, ಹೋಯ್ತಾ?”

ಸಾಲೇಹಾ ಕೋಲಿನ ತುದಿ ಹೊರತೆಗೆದು, ಬೊಚ್ಚುಬಾಯಿ ಅಗಲಿಸಿ ನಕ್ಕಳು. “ನನ್ನ ನಾಲಿಗೆಗೆ ಗೊತ್ತಾಯ್ತು. ನೀನು ದಾರ ಸುತ್ತಿ ಹೇಳು ನೋಡೋಣ!”